ಕಾರ್ಡಿನ ಮೇಲೆ ಒಂದೇ ಹೆಸರು

ಬೆಳಿಗ್ಗೆ ಆರೂಕಾಲಿಗೆ ಫೋನು ಬಂತು. ತುಮಕೂರು ಕಡೆಯ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. "ಮೇಡಂ, ಚೀಟೀಲಿ ಹಳೇ ರೇಟೇ ಬತ್ತಾ ಐತೆ. ಇವತ್ತಿಂದ ಹೊಸ ರೇಟು ಅಂತ ಬೋರ್ಡಲ್ಲಿ ಬರೆದು ಹಾಕಿವ್ನಿ. ಜನ ಕ್ಯಾನ್ ಹಿಡ್ಕಂಡು ನಿಂತವ್ರೆ, ಏನಂತ ಹೇಳ್ಲಿ?"

ನಾನು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಇನ್ನೂ ಮೂರು ಸಂಘಗಳಿಂದ ಕರೆ ಬಂದವು. ಏಳೂವರೆ ಹೊತ್ತಿಗೆ ಪೂರ್ತಿ ಚಿತ್ರ ಸಿಕ್ಕಿತು. ನಮ್ಮ ತಂತ್ರಾಂಶ ಬಳಸುತ್ತಿದ್ದ 62 ಸಂಘಗಳ ಪೈಕಿ 41ರಲ್ಲಿ ಹಳೆಯ ದರದಲ್ಲೇ ಚೀಟಿ ಮುದ್ರಣವಾಗಿತ್ತು.

ಹಾಲಿನ ಡೇರಿಯ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಮಾತು. ರೈತ ತಂದ ಹಾಲನ್ನು ಅಳೆದು, ಅದರ ಫ್ಯಾಟ್ (ಕೊಬ್ಬು) ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟಿದೆ ಎಂದು ಯಂತ್ರದಲ್ಲಿ ನೋಡುತ್ತಾರೆ. ಈ ಎರಡು ಅಂಕಿಗಳು ಸೇರುವ ಮನೆಯಲ್ಲಿ ದರ ಪಟ್ಟಿ ಏನು ಹೇಳುತ್ತದೋ ಅದೇ ಆ ಹೊತ್ತಿನ ಹಾಲಿನ ಬೆಲೆ. ಚೀಟಿ ಅಲ್ಲೇ ಕೈಗೆ ಬರುತ್ತದೆ. ಬಟವಾಡೆ ಆಮೇಲೆ, ಹಾಗಾಗಿ ಅಂದಿನ ತಪ್ಪನ್ನು ಹಣ ಕೊಡುವ ಮೊದಲೇ ತಿದ್ದಿದೆವು. ಯಾರಿಗೂ ಒಂದು ಪೈಸೆ ಕಡಿಮೆಯಾಗಲಿಲ್ಲ. ಆದರೆ ಕೈಯಲ್ಲಿ ಹಳೇ ರೇಟಿನ ಚೀಟಿ ಹಿಡಿದು ಮನೆಗೆ ಹೋದವರ ಮನಸ್ಸಿನಲ್ಲಿ ಕಾರ್ಯದರ್ಶಿಯ ಮೇಲೆ ಮೂಡಿದ ಅನುಮಾನವನ್ನು ನಾವು ತಿದ್ದಲು ಆಗುತ್ತಿರಲಿಲ್ಲ. ದಿನಕ್ಕೆ ಎರಡು ಹೊತ್ತು ಅವರ ಮುಖ ನೋಡಬೇಕಾದವರು ಆ ಕಾರ್ಯದರ್ಶಿ.

ತಪ್ಪು ಎಲ್ಲಾಯಿತು ಎಂದು ಅಂದು ಮಧ್ಯಾಹ್ನ ನಮ್ಮ ತಂಡದ ಒಂಬತ್ತೂ ಜನ ಕುಳಿತು ವಾಟ್ಸಾಪ್ ಗುಂಪನ್ನು ಹಿಂದಕ್ಕೆ ಸರಿಸುತ್ತಾ ಹೋದೆವು. ಹೊಸ ದರದ ಸುತ್ತೋಲೆಯ ಫೋಟೊ ಐದು ದಿನದ ಹಿಂದೆಯೇ ಬಂದಿತ್ತು. ಅದರ ಕೆಳಗೆ ನಾನೇ "ಒಂದನೇ ತಾರೀಖಿನೊಳಗೆ ಎಲ್ಲ ಕಡೆ ಹಾಕಿಬಿಡಿ" ಎಂದು ಬರೆದಿದ್ದೆ. ಆರು ಜನ ಹೆಬ್ಬೆರಳು ಎತ್ತಿದ್ದರು. ಅದಾದ ಮೇಲೆ ಯಾರದೋ ಹುಟ್ಟುಹಬ್ಬದ ಶುಭಾಶಯ, ಒಂದು ಪ್ರಿಂಟರ್ ಕೆಟ್ಟ ಸುದ್ದಿ, ರಜೆಯ ವಿಚಾರ, ಹೀಗೆ ನೂರಾರು ಸಂದೇಶ. ಪ್ರೋಗ್ರಾಂ ಬರೆಯುವವರು "ಹಳ್ಳಿಗೆ ಹೋಗುವವರು ಹಾಕುತ್ತಾರೆ" ಅಂದುಕೊಂಡಿದ್ದರು. ಹಳ್ಳಿಗೆ ಹೋಗುವವರು "ಆಫೀಸಿನಿಂದಲೇ ಹಾಕುತ್ತಾರೆ" ಅಂದುಕೊಂಡಿದ್ದರು. ಒಬ್ಬ ತಂತ್ರಜ್ಞ ಮಾತ್ರ ತನ್ನ ಪಾಲಿನ 21 ಸಂಘಗಳಿಗೆ ಹೋಗಿ ಹಾಕಿ ಬಂದಿದ್ದ. ಎರಡು ಮನೆಯ ನೆಂಟ ಉಪವಾಸ ಬಿದ್ದ ಹಾಗೆ ಉಳಿದ 41 ಸಂಘಗಳು ಬಿಟ್ಟುಹೋಗಿದ್ದವು. ಸೋಮಾರಿತನದಿಂದ ಆದ ತಪ್ಪಲ್ಲ ಅದು. "ಹಾಕಿಬಿಡಿ" ಎಂದು ನಾನು ಒಂಬತ್ತು ಜನರಿಗೆ ಹೇಳಿದ್ದೆ, ಒಬ್ಬರಿಗೂ ಹೇಳಿರಲಿಲ್ಲ.

ಆ ವಾರವೇ ಕೆಲಸಗಳನ್ನು ಒಂದು ಕಡೆ ಬರೆದಿಡುವ ತಂತ್ರಾಂಶಕ್ಕಾಗಿ ಹುಡುಕಾಡಿದೆವು. ಜಿರಾ 2002ರಿಂದ ಇದೆ. ದೊಡ್ಡ ತಂಡಗಳಿಗೆ ಬೇಕಾದ ಹಂತಗಳು, ವರದಿಗಳು ಎಲ್ಲ ಅದರಲ್ಲಿವೆ. ಆಸನ ಎಂಬುದೂ ಇದೆ, ಹೆಸರು ನಮ್ಮ ಯೋಗಾಸನದ ಆಸನವೇ. ಕೊನೆಗೆ ನಾವು ಹಿಡಿದದ್ದು 2011ರಲ್ಲಿ ಬಂದ ಟ್ರೆಲ್ಲೊ. ಅದರಲ್ಲಿ ಒಂದೊಂದು ಕೆಲಸಕ್ಕೂ ಒಂದು ಕಾರ್ಡು; ಕೆಲಸ ಮುಂದುವರಿದಂತೆ ಕಾರ್ಡನ್ನು ಬೋರ್ಡಿನ ಒಂದು ಸಾಲಿನಿಂದ ಇನ್ನೊಂದಕ್ಕೆ ಸರಿಸುತ್ತಾರೆ. ಕಾರಣ ಸರಳ: ನಮ್ಮ ಒಂಬತ್ತು ಜನರಲ್ಲಿ ನಾಲ್ವರು ವಾರದ ಬಹುಪಾಲು ಬೈಕಿನ ಮೇಲೆ ಹಳ್ಳಿಗಳಲ್ಲಿ ಇರುವವರು. ಮರದ ನೆರಳಲ್ಲಿ ನಿಂತು, ಒಂದೇ ಕೈಯಲ್ಲಿ ಮೊಬೈಲ್ ಹಿಡಿದು, ಕಾರ್ಡೊಂದನ್ನು ಬೆರಳಲ್ಲಿ ಎಳೆದು ಪಕ್ಕದ ಸಾಲಿಗೆ ಹಾಕಲು ಬಂದರೆ ಅವರಿಗೆ ಸಾಕಿತ್ತು. ತಂತ್ರಾಂಶ ಆರಿಸುವವರಿಗೆ ನನ್ನ ಮೊದಲ ಸಲಹೆ ಇದೇ. ನಿಮ್ಮ ತಂಡದಲ್ಲಿ ಕಂಪ್ಯೂಟರಿನಿಂದ ಅತಿ ದೂರ ಇರುವವರು ಯಾರೋ ಅವರ ಕೈಗೆ ಕೊಟ್ಟು ನೋಡಿ. ಅವರಿಗೆ ಒಗ್ಗಿದರೆ ಉಳಿದವರಿಗೂ ಒಗ್ಗುತ್ತದೆ.

ಶುರುವಿನಲ್ಲಿ ನಾನು ಮಾಡಿದ್ದು ಉತ್ಸಾಹದ ತಪ್ಪು. ಸಾಲುಗಳನ್ನು ಹನ್ನೊಂದು ಮಾಡಿದೆ. ತಲೆಗೆ ಬಂದದ್ದನ್ನೆಲ್ಲ ಕಾರ್ಡಾಗಿ ಬರೆಸಿದೆ. ತಿಂಗಳಲ್ಲಿ ಮುನ್ನೂರಕ್ಕೂ ಹೆಚ್ಚು ಕಾರ್ಡು ಸೇರಿದವು. ಬೋರ್ಡ್ ತೆರೆದರೆ ಎಲ್ಲಿಂದ ನೋಡಬೇಕೋ ತಿಳಿಯುತ್ತಿರಲಿಲ್ಲ. ಎರಡನೇ ತಿಂಗಳು ಜನ ಮತ್ತೆ ವಾಟ್ಸಾಪಿಗೇ ಮರಳಿದರು.

ಇದರಿಂದ ಹೊರಬರುವ ದಾರಿ ಸಿಕ್ಕಿದ್ದು ಊಟದ ಹೊತ್ತಿನಲ್ಲಿ. ನಮ್ಮ ಭಾವ ಬಿಡದಿಯಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ನನ್ನ ಬೋರ್ಡು ನೋಡಿ, "ಇದು ನಮ್ಮ ಕಾನ್‌ಬಾನ್ ಅಲ್ವಾ?" ಎಂದರು. ಜಪಾನಿನಲ್ಲಿ ಟೊಯೋಟಾದ ತೈಚಿ ಓನೊ 1950ರ ದಶಕದಲ್ಲಿ ಕಟ್ಟಿ ಬೆಳೆಸಿದ ಪದ್ಧತಿ ಅದು. ಕಾನ್‌ಬಾನ್ ಎಂದರೆ ಫಲಕ ಎಂದೇ ಅರ್ಥ. ಟ್ರೆಲ್ಲೊದಂಥ ಬೋರ್ಡುಗಳ ಬೇರು ಇರುವುದು ಅಲ್ಲಿ. ಭಾವ ಮುಂದುವರಿಸಿದರು: "ನಮ್ಮಲ್ಲಿ ಪ್ರತಿ ಟ್ರೇಗೂ ಒಂದು ಕಾರ್ಡು. ಮುಂದಿನವರು ಟ್ರೇ ಖಾಲಿ ಮಾಡಿ ಕಾರ್ಡು ವಾಪಸ್ ಕಳಿಸಿದ್ರೆ ಮಾತ್ರ ಇನ್ನೊಂದು ಟ್ರೇ ಮಾಡ್ತೀವಿ. ಕಾರ್ಡು ಬರದೇ ಇದ್ರೆ ಕೈಕಟ್ಟಿ ನಿಲ್ಲಬೇಕು, ಸುಮ್ನೆ ಮಾಡಿ ಗುಡ್ಡೆ ಹಾಕೋ ಹಾಗಿಲ್ಲ. ನಿನ್ನ ಬೋರ್ಡಲ್ಲಿ ಬರೀ ಗುಡ್ಡೆ ಇದೆ ನೋಡು."

ಆ ಮಾತು ನಾಟಿತು. ಕಾರ್ಡು ಎನ್ನುವುದು ಕೆಲಸವನ್ನು ನೆನಪಿಡಲು ಮಾತ್ರ ಇರುವ ವಸ್ತು ಎಂದುಕೊಂಡಿದ್ದೆ. ಅದು ಕೆಲಸವನ್ನು ತಡೆದು ನಿಲ್ಲಿಸಲೂ ಇದೆ. ಮರುದಿನ ಸಾಲುಗಳನ್ನು ಐದಕ್ಕೆ ಇಳಿಸಿದೆವು: ಬಂದಿರುವುದು, ಈ ವಾರ, ಮಾಡುತ್ತಿರುವುದು, ತಡೆ ಬಿದ್ದಿರುವುದು, ಮುಗಿದದ್ದು. "ಮಾಡುತ್ತಿರುವುದು" ಸಾಲಿನಲ್ಲಿ ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಕಾರ್ಡು ಇರಕೂಡದು ಎಂದು ಮಾಡಿದೆವು. ಮೊದಲ ವಾರ ಎಲ್ಲರಿಗೂ ಕಿರಿಕಿರಿಯಾಯಿತು. ತುರ್ತಿನ ಕೆಲಸ ಬಂದರೆ ಏನು ಮಾಡುವುದು ಎಂದು ಕೇಳಿದರು. ಕೈಯಲ್ಲಿರುವ ಒಂದನ್ನು ಕೆಳಗಿಡಿ, ಯಾವುದನ್ನು ಇಟ್ಟಿರಿ ಎಂದು ಎಲ್ಲರಿಗೂ ಕಾಣಲಿ ಎಂದೆ. ಅಲ್ಲಿಯವರೆಗೆ ನನ್ನ ಬಾಯಲ್ಲಿ ಎಲ್ಲವೂ ತುರ್ತಾಗಿತ್ತು. ಒಂದನ್ನು ಎತ್ತಲು ಇನ್ನೊಂದನ್ನು ಇಳಿಸಬೇಕು ಎಂದಾದಾಗ ಹಾಗೆ ಹೇಳುವ ಮೊದಲು ನಾನೇ ಯೋಚಿಸತೊಡಗಿದೆ.

ಎರಡನೆಯ ನಿಯಮ ಹೆಸರಿನದು. ಟ್ರೆಲ್ಲೊದಲ್ಲಿ ಒಂದು ಕಾರ್ಡಿಗೆ ಎಷ್ಟು ಜನರನ್ನಾದರೂ ಸೇರಿಸಬಹುದು. ನಾವು ಒಬ್ಬರನ್ನೇ ಸೇರಿಸಿದೆವು. ಕೆಲಸದಲ್ಲಿ ಮೂವರು ಕೈಜೋಡಿಸಬಹುದು, ಆದರೆ ಅದು ಆಯಿತೇ ಇಲ್ಲವೇ ಎಂದು ಉತ್ತರ ಹೇಳುವವರು ಒಬ್ಬರೇ. ಮೂವರೂ ಬೇಕೇಬೇಕು ಎಂದಾದರೆ ಅದು ಮೂರು ಕಾರ್ಡು.

ಮೂರನೆಯದು ಬರೆಯುವ ರೀತಿ. ಹಳೆಯ ಕಾರ್ಡೊಂದು ಹೀಗಿತ್ತು: "ಪ್ರೋತ್ಸಾಹಧನ ಲಿಸ್ಟ್ ಸರಿ ಮಾಡಬೇಕು." ರಾಜ್ಯ ಸರ್ಕಾರ ಆಗ ಲೀಟರಿಗೆ 5 ರೂಪಾಯಿಯಂತೆ ನೇರವಾಗಿ ರೈತರ ಖಾತೆಗೆ ಹಾಕುತ್ತಿದ್ದ ಹಣದ ಪಟ್ಟಿ ಅದು. ಆ ಕಾರ್ಡು ಏಳು ವಾರ ಅಲ್ಲೇ ಕೂತಿತ್ತು. ಏನು ಸರಿಯಿಲ್ಲ, ಸರಿಯಾದರೆ ಹೇಗೆ ಕಾಣುತ್ತದೆ ಎಂದು ಅದರಲ್ಲಿ ಇರಲಿಲ್ಲ, ಹಾಗಾಗಿ ಯಾರೂ ಮುಟ್ಟಲಿಲ್ಲ. ಅದನ್ನೇ ಹೀಗೆ ತಿದ್ದಿದೆವು: "ಒಂದೇ ಬ್ಯಾಂಕ್ ಖಾತೆ ಇಬ್ಬರು ಸದಸ್ಯರ ಹೆಸರಲ್ಲಿ ಇದ್ದರೆ, ಪಟ್ಟಿ ಕಳಿಸುವ ಮೊದಲೇ ಆ ಸಾಲು ಕೆಂಪಾಗಿ ಕಾಣಬೇಕು. ಗಡುವು: ಶುಕ್ರವಾರ ಸಂಜೆ 4. ಮುಗಿಯಿತು ಎನ್ನಲು: ಎರಡು ಸಂಘಗಳ ಕಳೆದ ತಿಂಗಳ ಪಟ್ಟಿ ಹಾಕಿ ನೋಡಿ, ಅಲ್ಲಿನ ಕಾರ್ಯದರ್ಶಿ ಒಪ್ಪಿರಬೇಕು." ಹೀಗೆ ಬರೆಯಲು ಹತ್ತು ನಿಮಿಷ ಹಿಡಿಯಿತು. ಕೆಲಸ ಮೂರು ದಿನದಲ್ಲಿ ಮುಗಿಯಿತು.

ಇದರಲ್ಲಿ ಕೊನೆಯ ಸಾಲಿಗೇ ಹೆಚ್ಚು ಬೆಲೆ. "ಮುಗಿಯಿತು" ಎಂಬ ಮಾತಿಗೆ ನಮ್ಮಲ್ಲಿ ಮೂರು ಅರ್ಥ ಇದ್ದವು. ಪ್ರೋಗ್ರಾಂ ಬರೆದವರಿಗೆ ಬರೆದಾದರೆ ಮುಗಿಯಿತು. ಪರೀಕ್ಷೆ ಮಾಡುವವರಿಗೆ ಆಫೀಸಿನ ಕಂಪ್ಯೂಟರಿನಲ್ಲಿ ನಡೆದರೆ ಮುಗಿಯಿತು. ಹಳ್ಳಿಯ ಕಾರ್ಯದರ್ಶಿಗೆ ಬೆಳಗಿನ ಚೀಟಿ ಸರಿಯಾಗಿ ಬಂದರೆ ಮಾತ್ರ ಮುಗಿಯಿತು. ನಾವು ಮೂರನೆಯದನ್ನೇ ಎಲ್ಲರ ಅರ್ಥವಾಗಿ ಒಪ್ಪಿಕೊಂಡೆವು. ದರ, ಬಿಲ್ಲು, ಚೀಟಿಗೆ ಸಂಬಂಧಿಸಿದ ಯಾವ ಕಾರ್ಡೂ ಸಂಘದಿಂದ ಚೀಟಿಯ ಫೋಟೊ ಬಂದು ಅಂಟದೆ ಕೊನೆಯ ಸಾಲಿಗೆ ಹೋಗುವಂತಿಲ್ಲ.

ನಾಲ್ಕನೆಯ ಪಾಠ ಭಾಷೆಯದು. ಆರಂಭದಲ್ಲಿ ಬೋರ್ಡು ಪೂರ್ತಿ ಇಂಗ್ಲಿಷಿನಲ್ಲಿತ್ತು. ಹಳ್ಳಿಗೆ ಹೋಗುವ ನಾಲ್ವರು ಕಾರ್ಡು ಸರಿಸುತ್ತಿದ್ದರೇ ಹೊರತು ಅದರ ಮೇಲೆ ಏನೂ ಬರೆಯುತ್ತಿರಲಿಲ್ಲ. ಆಸಕ್ತಿ ಇಲ್ಲವೇನೋ ಅಂದುಕೊಂಡೆ. ಒಂದು ದಿನ ಸಾಲುಗಳ ಹೆಸರನ್ನು ಕನ್ನಡಕ್ಕೆ ಬದಲಿಸಿ, ಮೊಬೈಲಿನಲ್ಲಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರವಾಗುವ ಕೀಬೋರ್ಡನ್ನು ತೋರಿಸಿದೆವು. ಆ ವಾರವೇ ಒಬ್ಬರು ಬರೆದರು: "ಈ ಸಂಘದಲ್ಲಿ ಸಂಜೆ ಹೊತ್ತು ಕರೆಂಟು ಹೋಗಿ ಬಂದ ಮೇಲೆ ಗಡಿಯಾರ ಹಿಂದಕ್ಕೆ ಹೋಗುತ್ತೆ. ಸಂಜೆ ಹಾಲು ಬೆಳಗಿನ ಲೆಕ್ಕಕ್ಕೆ ಸೇರುತ್ತೆ." ತಿಂಗಳುಗಟ್ಟಲೆ ನಾವು ಆಫೀಸಿನಲ್ಲಿ ಹುಡುಕುತ್ತಿದ್ದ ಒಂದು ಲೆಕ್ಕದ ವ್ಯತ್ಯಾಸದ ಕಾರಣ ಆ ಎರಡು ವಾಕ್ಯದಲ್ಲಿತ್ತು. ಅವರಿಗೆ ಅದು ಮೊದಲೇ ಗೊತ್ತಿತ್ತು. ಬರೆಯಲು ನಾವು ಜಾಗ ಕೊಟ್ಟಿರಲಿಲ್ಲ.

ಐದನೆಯದು ನಾನು ನೋವಿನಿಂದ ಕಲಿತದ್ದು. ಬೋರ್ಡಿನಲ್ಲಿ ಎಲ್ಲವೂ ಕಾಣತೊಡಗಿದಾಗ ಯಾರು ಎಷ್ಟು ಕಾರ್ಡು ಮುಗಿಸಿದರು ಎಂದು ಎಣಿಸುವ ಆಸೆ ಹುಟ್ಟುತ್ತದೆ. ನನಗೂ ಹುಟ್ಟಿತು. ಎರಡು ತಿಂಗಳು ಎಣಿಸಿದೆ. ಜನ ಒಂದು ಕೆಲಸವನ್ನು ನಾಲ್ಕು ಚೂರು ಮಾಡಿ ನಾಲ್ಕು ಕಾರ್ಡು ಬರೆಯತೊಡಗಿದರು. ಕಷ್ಟದ ಕೆಲಸವನ್ನು ಯಾರೂ ಎತ್ತಿಕೊಳ್ಳಲಿಲ್ಲ. ಅದೇ ದಿನಗಳಲ್ಲಿ ಒಬ್ಬ ಕಿರಿಯ ಸಹೋದ್ಯೋಗಿಯ ಕಾರ್ಡು ಆರು ದಿನ ಅಲುಗಾಡಲಿಲ್ಲ. "ಇನ್ನೂ ಯಾಕೆ ಆಗಿಲ್ಲ?" ಎಂದು ಎಲ್ಲರಿಗೂ ಕಾಣುವ ಹಾಗೆ ಅದರ ಕೆಳಗೆ ಬರೆದೆ. ಉತ್ತರ ಬರಲಿಲ್ಲ. ಸಂಜೆ ಫೋನು ಮಾಡಿದಾಗ ಹೇಳಿದ: ಹಾಲಿನ ಯಂತ್ರದಿಂದ ಅಂಕಿಗಳು ಬರುವ ಕೇಬಲ್ ಬೇರೆ ಮಾದರಿಯದು, ಅದರ ಬಗ್ಗೆ ತಿಳಿದವರು ಯಾರೆಂದು ಗೊತ್ತಿಲ್ಲ, ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆಂದು ಸುಮ್ಮನಿದ್ದೆ. ನನ್ನ ಒಂದು ಸಾಲು ಆ ಹುಡುಗನ ಬಾಯಿ ಇನ್ನಷ್ಟು ಮುಚ್ಚಿಸಿತ್ತು. ಮರುದಿನ ಬೋರ್ಡಿನಲ್ಲೇ ಕ್ಷಮೆ ಕೇಳಿದೆ. ಎಣಿಕೆ ನಿಲ್ಲಿಸಿದೆ. ಅಂದಿನಿಂದ ಕಾರ್ಡಿನ ಮೇಲೆ ವಿಷಯ ಬರೆಯುತ್ತೇವೆ, ವ್ಯಕ್ತಿಯನ್ನು ಪ್ರಶ್ನಿಸುವುದಿದ್ದರೆ ಎದುರು ಕೂತು ಅಥವಾ ಫೋನಿನಲ್ಲಿ ಕೇಳುತ್ತೇವೆ. "ತಡೆ ಬಿದ್ದಿರುವುದು" ಸಾಲಿಗೆ ಕಾರ್ಡು ಹಾಕಿದವರಿಗೆ ಅಂದೇ ಯಾರಾದರೂ ನೆರವಿಗೆ ಹೋಗುವಂತೆ ನೋಡಿಕೊಳ್ಳುವುದು ನನ್ನ ಸ್ವಂತ ಹೊಣೆ. ಈಗ ನಾನು ದಿನ ಬೆಳಿಗ್ಗೆ ಮೊದಲು ನೋಡುವ ಸಾಲು ಅದೇ.

ಉಳಿದದ್ದೆಲ್ಲ ದಿನನಿತ್ಯದ ಶಿಸ್ತು. ಸೋಮವಾರ ಇಪ್ಪತ್ತು ನಿಮಿಷ ಎಲ್ಲರೂ ಬೋರ್ಡಿನ ಮುಂದೆ. ವಾರಕ್ಕೊಬ್ಬರಂತೆ ಸರದಿಯಲ್ಲಿ ಹಳೆಯ ಕಾರ್ಡುಗಳನ್ನು ತೆಗೆಯುವುದು. ವಾಟ್ಸಾಪ್ ಗುಂಪು ಈಗಲೂ ಇದೆ; ಆದರೆ ಅಲ್ಲಿ ಬಂದ ಕೆಲಸ ಕಾರ್ಡಾಗದಿದ್ದರೆ ಅದು ಕೆಲಸವಲ್ಲ ಎಂದು ಎಲ್ಲರೂ ಒಪ್ಪಿದ್ದೇವೆ. ಮನೆಯಲ್ಲಿ ದಿನಸಿಗೆ ಚೀಟಿ ಬರೆದು ಗೋಡೆಗೆ ಸಿಕ್ಕಿಸಿದಷ್ಟೇ ಸಹಜವಾಗಿ ಇದು ರೂಢಿಯಾಗಲು ನಮಗೆ ಆರು ತಿಂಗಳು ಹಿಡಿಯಿತು. ಹದಿನೈದು ದಿನದಲ್ಲಿ ಫಲ ಕಾಣಲಿಲ್ಲವೆಂದು ಕೈಬಿಡುವವರಿಗೆ ಈ ಲೆಕ್ಕ ಹೇಳುತ್ತಿದ್ದೇನೆ.

ಮುಂದಿನ ದರ ಬದಲಾವಣೆ ಬಂದಾಗ ಒಂದು ಕಾರ್ಡು ಬರೆದೆವು. ಅದರ ಮೇಲೆ ಒಂದೇ ಹೆಸರು. ಒಳಗೆ 62 ಸಂಘಗಳ ಪಟ್ಟಿ, ಪ್ರತಿಯೊಂದರ ಮುಂದೆ ಗುರುತು ಹಾಕುವ ಚೌಕ. ಹಿಂದಿನ ಸಂಜೆ ಎರಡು ಚೌಕ ಖಾಲಿ ಉಳಿದಿದ್ದವು. ಆ ಊರುಗಳಲ್ಲಿ ಇಂಟರ್ನೆಟ್ ಇರಲಿಲ್ಲ. ಅದು ಎಲ್ಲರ ಕಣ್ಣಿಗೂ ಕಂಡಿತು. ಕಾರ್ಡಿನ ಹೊಣೆ ಹೊತ್ತವರು ಕೇಳಿದ್ದೇ ತಡ, ಒಬ್ಬರು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬೈಕು ಹತ್ತಿದರು. ಬೆಳಿಗ್ಗೆ ಆರರ ಹೊತ್ತಿಗೆ ಕಾರ್ಡಿಗೆ ಮೊದಲ ಫೋಟೊ ಬಂತು. ಒದ್ದೆ ಬೆರಳಿನ ಗುರುತು ಬಿದ್ದ ಪುಟ್ಟ ಚೀಟಿ: 6.2 ಲೀಟರು, ಫ್ಯಾಟ್ 3.8, ಎಸ್‌ಎನ್‌ಎಫ್ 8.4, ಪಕ್ಕದಲ್ಲಿ ಹೊಸ ದರ.

ನಿಮ್ಮ ತಂಡ ಮಾಡುವ ಕೆಲಸ ಬೇರೆ ಇರಬಹುದು. ಆದರೆ ನಿಮ್ಮ ಕೆಲಸದ ಆ ತುದಿಯಲ್ಲೂ ಯಾರೋ ಒಬ್ಬರು ಕ್ಯಾನ್ ಹಿಡಿದು ನಿಂತಿರುತ್ತಾರೆ. ಯಾವ ತಂತ್ರಾಂಶ ಕೊಳ್ಳಬೇಕು ಎಂಬ ಚರ್ಚೆ ನಾಳೆ ಮಾಡಿ. ಇವತ್ತು ನಿಮ್ಮ ಗುಂಪಿನಲ್ಲಿ "ಮಾಡಿಬಿಡಿ" ಎಂದು ಬರೆದು ಬಿಟ್ಟಿರುವ ಒಂದು ಕೆಲಸವನ್ನು ಹುಡುಕಿ, ಒಬ್ಬರನ್ನು ಕೇಳಿ ಒಪ್ಪಿಸಿ, ಅದರ ಮುಂದೆ ಅವರ ಹೆಸರು ಬರೆಯಿರಿ.