ಸಾಲ ಹೊತ್ತು ಗೆಲ್ಲಬೇಡ, ಮಗಳೇ

ಪ್ರೀತಿಯ ಮಗಳೇ,

ನೀನು ಈ ಸಲ ಗ್ರಾಮ ಪಂಚಾಯಿತಿಗೆ ನಿಲ್ಲುತ್ತೀಯೆಂದು ನಿಮ್ಮಪ್ಪ ಹೇಳಿದ. ಹಿಗ್ಗಾಯಿತು. ಓದಿದವರೆಲ್ಲ ಬೆಂಗಳೂರಿನ ಬಸ್ಸು ಹತ್ತುವ ಕಾಲದಲ್ಲಿ ಊರಿನ ನೀರು, ಚರಂಡಿ, ಅಂಗನವಾಡಿ ನೋಡಿಕೊಳ್ಳುತ್ತೇನೆಂದು ಒಬ್ಬಳು ನಿಲ್ಲುವುದು ಸಣ್ಣ ಮಾತಲ್ಲ. ಮೇಷ್ಟರಾಗಿದ್ದಷ್ಟು ಕಾಲ ಮತಗಟ್ಟೆ ಡ್ಯೂಟಿ ಮಾಡಿದವನು ನಾನು. ಕಂಡದ್ದನ್ನು ನಿನಗೆ ಹೇಳಬೇಕು. ನಿನ್ನಂತೆ ಮೊದಲ ಸಲ ನಿಲ್ಲುವ ಬೇರೆ ಊರಿನ ಮಕ್ಕಳಿಗೂ ಬೇಕಾದೀತೆಂದು ಪತ್ರಿಕೆಗೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. 2020ರ ಚುನಾವಣೆಯಲ್ಲಿ ಸಾಮಾನ್ಯ ಅಭ್ಯರ್ಥಿಯ ಠೇವಣಿ 200 ರೂಪಾಯಿ, ಹೆಣ್ಣುಮಕ್ಕಳಿಗೆ ಅದರ ಅರ್ಧ. ಕೂಲಿ ಮಾಡುವವಳೂ ನಿಲ್ಲಲಿ ಎಂದೇ ಅಷ್ಟು ಕಡಿಮೆ ಇಟ್ಟಿದ್ದು. ಗೆದ್ದ ಸದಸ್ಯರಿಗೆ 2022ರಲ್ಲಿ ಗೌರವಧನ ಏರಿಸಿದ ಮೇಲೂ ತಿಂಗಳಿಗೆ ಎರಡು ಸಾವಿರ. ಐದು ವರ್ಷಕ್ಕೆ ಲೆಕ್ಕ ಹಾಕು, 1,20,000 ಆಗುತ್ತದೆ. ವಾರ್ಡಿನಲ್ಲಿ ಐದಾರು ಲಕ್ಷ ಸುರಿದು ಗೆದ್ದವನು ಉಳಿದದ್ದನ್ನು ಎಲ್ಲಿಂದ ತೆಗೆಯುತ್ತಾನೆ? ಚರಂಡಿ ಕಾಮಗಾರಿಯ ಬಿಲ್ಲಿನಿಂದ ತೆಗೆಯುತ್ತಾನೆ. ಮನೆ ಮಂಜೂರಾದ ವಿಧವೆಯಿಂದ, ಇ-ಸ್ವತ್ತಿಗೆ ಅಲೆಯುವ ರೈತನಿಂದ ತೆಗೆಯುತ್ತಾನೆ. ಅವನು ಹುಟ್ಟಾ ಕೆಟ್ಟವನಾಗಿರಬೇಕಿಲ್ಲ. ಬಡ್ಡಿಗೆ ತಂದ ಹಣ ಅವನನ್ನು ಅಲ್ಲಿಗೆ ತಂದು ನಿಲ್ಲಿಸುತ್ತದೆ. ಪಂಚಾಯಿತಿಯ ಕೆಲಸದಲ್ಲಿ ಸದಸ್ಯರಿಗೆ ಪಾಲಿರಬಾರದು, ಇದ್ದರೆ ಸದಸ್ಯತ್ವ ಹೋಗುತ್ತದೆ ಎಂದು 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಆದರೂ ಭಾವನ ಹೆಸರಿನಲ್ಲಿ, ಗೆಳೆಯನ ಹೆಸರಿನಲ್ಲಿ ಗುತ್ತಿಗೆ ನಡೆಯುವುದನ್ನು ನೀನೂ ಕಂಡಿದ್ದೀಯೆ. ಆದ್ದರಿಂದ ಸಾಲ ಹೊತ್ತು ಗೆಲ್ಲಬೇಡ. ಕಂತ್ರಾಟುದಾರ ತಾನಾಗಿ ಬಂದು ಖರ್ಚು ನಾನು ನೋಡಿಕೊಳ್ಳುತ್ತೇನೆ ಅಂದರೆ ಕೈಮುಗಿದು ಕಳಿಸು.

ಮತದಾನದ ಹಿಂದಿನ ದಿನವನ್ನು ನಮ್ಮ ಕಡೆ ಕತ್ತಲ ರಾತ್ರಿ ಅನ್ನುತ್ತಾರಲ್ಲ, ಅವತ್ತು ನಿನ್ನ ಕಡೆಯವರೇ ನಿನ್ನನ್ನು ಹೆದರಿಸುತ್ತಾರೆ. ಎದುರಿನವರು ಹಂಚಿಯಾಯಿತು, ನಾವು ಸುಮ್ಮನಿದ್ದರೆ ಕೆಟ್ಟೆವು ಅನ್ನುತ್ತಾರೆ. ಮತಕ್ಕೆ ಹಣ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ, ಒಂದು ವರ್ಷದವರೆಗೆ ಜೈಲಾಗಬಹುದು. ಕಾನೂನಿಗಿಂತ ನನ್ನನ್ನು ಹೆಚ್ಚು ನೋಯಿಸುವುದು ಆಣೆ ಹಾಕಿಸುವ ಪದ್ಧತಿ. ಅರಿಶಿನ ಕುಂಕುಮ ಕೊಟ್ಟು, ಮನೆದೇವರ ಪಟ ಮುಟ್ಟಿಸಿ ಪ್ರಮಾಣ ಮಾಡಿಸುತ್ತಾರೆ. ದೈವಕ್ಕೆ ಹೆದರುವ ಮುದುಕಿ ಆಮೇಲೆ ತನ್ನ ಮನಸ್ಸಿನಂತೆ ಮುದ್ರೆ ಒತ್ತಲಾರಳು. ಬ್ಯಾಲೆಟ್ಟಿನ ಗುಟ್ಟು ಅಲ್ಲಿಗೆ ಮುಗಿಯಿತು. ನಿನ್ನ ಪರವಾಗಿ ಯಾರೂ ಯಾರಿಂದಲೂ ಆಣೆ ಪಡೆಯದಂತೆ ಮೊದಲೇ ತಾಕೀತು ಮಾಡು.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ನೋಡಲು ಬಹಳ ಸಭ್ಯವಾಗಿರುತ್ತದೆ. ಹಿರಿಯರು ಗುಡಿಯ ಮುಂದೆ ಸೇರುತ್ತಾರೆ. ಚುನಾವಣೆಯಿಂದ ಊರು ಒಡೆಯುವುದು ಬೇಡ, ದೇವಸ್ಥಾನದ ಕೆಲಸಕ್ಕೆ ಹೆಚ್ಚು ಕೊಟ್ಟವರನ್ನು ಅವಿರೋಧ ಮಾಡೋಣ ಎಂದು ತೀರ್ಮಾನಿಸುತ್ತಾರೆ. 2020ರ ಡಿಸೆಂಬರ್‌ನಲ್ಲಿ ಹೀಗೆ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಹಲವು ಕಡೆಯಿಂದ ಬಂತು. ಕ್ರಮ ಕೈಗೊಳ್ಳುವುದಾಗಿ ರಾಜ್ಯ ಚುನಾವಣಾ ಆಯೋಗ ಎಚ್ಚರಿಸಬೇಕಾಯಿತು. ಹಣ ಯಾರ ಜೇಬಿಗೂ ಹೋಗಲಿಲ್ಲ, ಗುಡಿಗೆ ಹೋಯಿತು, ತಪ್ಪೇನು ಎಂದು ಒಳ್ಳೆಯವರೇ ವಾದಿಸುತ್ತಾರೆ. ಕೇರಿಯಲ್ಲಿರುವ ಮನೆಗಳಿಗೆ ಆ ಸಭೆಯ ಕರೆ ಹೋಗಿತ್ತೇ? ಹೆಂಗಸರು ಅಲ್ಲಿ ಕೂತಿದ್ದರೇ? ಹರಾಜಿನಲ್ಲಿ ಕೂಗುವಷ್ಟು ದುಡ್ಡಿಲ್ಲದವರು ನಾಮಪತ್ರ ಹಾಕಿದರೆ ಊರಿನ ಒಗ್ಗಟ್ಟು ಮುರಿದರೆಂಬ ಅಪವಾದ ಅವರ ತಲೆಗೇ ಬರುತ್ತದೆ. ನಾಲ್ಕು ಜನ ಉಳ್ಳವರು ಇಡೀ ಊರಿನ ಮತವನ್ನು ಮಾರಿದ್ದು ಅದು, ದೇವರ ಹೆಸರಿನಲ್ಲಿ ಮಾಡಿದ ಮಾತ್ರಕ್ಕೆ ಪುಣ್ಯವಾಗುವುದಿಲ್ಲ. ಎಲ್ಲರೂ ಮನಸಾರೆ ಒಪ್ಪಿ ಅವಿರೋಧವಾದರೆ ಸಂತೋಷ. ಬೆಲೆ ಕಟ್ಟಿದ ಅವಿರೋಧಕ್ಕೆ ನಿನ್ನ ಹೆಸರು ಬಂದರೆ ಅಲ್ಲೇ ಎದ್ದು ಬೇಡವೆನ್ನು. ಗುಡಿಗೆ ಕೊಡುವುದಿದ್ದರೆ ಫಲಿತಾಂಶ ಬಂದು ವರ್ಷ ಕಳೆದ ಮೇಲೆ ಕೊಡು.

ನಮ್ಮ ಪಂಚಾಯಿತಿ ಕ್ಷೇತ್ರಗಳಲ್ಲಿ ಹೆಚ್ಚಿನವುಗಳಿಗೆ ಎರಡು, ಮೂರು ಸ್ಥಾನಗಳು. ಎಷ್ಟು ಸ್ಥಾನವೋ ಮತದಾರರಿಗೆ ಅಷ್ಟು ಮತ. ನನಗೊಂದನ್ನೇ ಒತ್ತಿ, ಉಳಿದದ್ದು ಬಿಟ್ಟುಬಿಡಿ ಎಂದು ಹೇಳಿಕೊಡುವವರಿದ್ದಾರೆ. ತಮ್ಮ ಲಾಭಕ್ಕೆ ಜನರ ಹಕ್ಕನ್ನು ಅರ್ಧ ಮಾಡುವ ಉಪಾಯ ಅದು. ನೀನು ಮನೆಮನೆಗೆ ಹೋದಾಗ ಎಲ್ಲ ಮತಗಳನ್ನೂ ಹಾಕಲು ಹೇಳು, ಮೀಸಲು ಸ್ಥಾನಕ್ಕೆ ನಿಂತವರ ಹೆಸರನ್ನೂ ಗೌರವದಿಂದ ಹೇಳು.

ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಹಾಗಿದ್ದೂ ಬೆಂಬಲಿತ ಅಭ್ಯರ್ಥಿ ಎಂಬ ಹಣೆಪಟ್ಟಿ ಹೊತ್ತು ತಿರುಗುವವರೇ ಹೆಚ್ಚು. ನಿನಗೆ ಆ ಹಂಗು ಬೇಡ. ಗೆದ್ದ ಮೇಲೆ ಅಧ್ಯಕ್ಷರ ಆಯ್ಕೆ ಮುಗಿಯುವವರೆಗೆ ಸದಸ್ಯರನ್ನು ಪ್ರವಾಸಕ್ಕೆ ಕರೆದೊಯ್ದು ಕೂಡಿಹಾಕುವವರು ಬರುತ್ತಾರೆ, ಆ ಗಾಡಿಯನ್ನೂ ಹತ್ತಬೇಡ. ಸೋತವರ ಬೀದಿಯ ನಲ್ಲಿಗೆ ನೀರು ನಿಲ್ಲಿಸುವ ಸದಸ್ಯರನ್ನು ನಾನು ಕಂಡಿದ್ದೇನೆ. ಎದುರು ನಿಂತವಳು ನಾಳೆಯೂ ನಿನ್ನ ನೆರೆಯವಳೇ. ಎಣಿಕೆಯ ಸಂಜೆ ಅವಳ ಮನೆಯ ಮುಂದೆ ಪಟಾಕಿ ಹೊಡೆಯಲು ಹುಡುಗರನ್ನು ಬಿಡಬೇಡ.

ಕಡೆಯದು ನಮ್ಮ ಮನೆಯವರ ಬಗ್ಗೆಯೇ. ಅದಕ್ಕೂ ಮುಂಚೆ ಸ್ವಲ್ಪ ಹಿಂದಿನ ಮಾತು. ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ, 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ, ಕರ್ನಾಟಕ ಹೆಂಗಸರಿಗೆ ಶೇ. 25 ಸ್ಥಾನ ಮೀಸಲಿಟ್ಟಿತು. ಅದರ ಹಿಂದೆ ಇದ್ದವರು ಆಗಿನ ಮಂತ್ರಿ ಅಬ್ದುಲ್ ನಜೀರ್ ಸಾಬ್. ಕೊಳವೆಬಾವಿ ತೋಡಿಸಿದ್ದಕ್ಕೆ ಜನ ನೀರ್ ಸಾಬ್ ಅಂದರಲ್ಲ, ಅವರೇ. ಇವತ್ತು ಮೀಸಲು ಅರ್ಧಕ್ಕೆ ಏರಿದೆ. ಆದರೂ ಎಷ್ಟೋ ಪಂಚಾಯಿತಿಗಳಲ್ಲಿ ಅಧ್ಯಕ್ಷೆಯ ಕುರ್ಚಿಯ ಪಕ್ಕ ಗಂಡನಿಗೊಂದು ಕುರ್ಚಿ ಬಿದ್ದಿರುತ್ತದೆ. ನಾಮಪತ್ರ ಹಾಕುವ ಮೊದಲು ನಿಮ್ಮಪ್ಪನನ್ನೂ ಅಣ್ಣಂದಿರನ್ನೂ ಕೂರಿಸಿಕೊಂಡು, ಸಭೆಗೆ ನಾನೇ ಹೋಗುತ್ತೇನೆ, ಓದಿ ನಾನೇ ರುಜು ಹಾಕುತ್ತೇನೆ ಎಂದು ಹೇಳಿಬಿಡು. ಅವರು ತಕರಾರು ಮಾಡಿದರೆ ನನಗೆ ಫೋನು ಮಾಡು, ನಾನೇ ಬಂದು ಮಾತಾಡುತ್ತೇನೆ.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ