ಗಂಧಾವಧಾನ

ಅಷ್ಟವಿಧಾರ್ಚನೆಯ ಎಂಟು ಉಪಚಾರಗಳಲ್ಲಿ ಗಂಧ, ಪುಷ್ಪ, ಧೂಪ ಎಂಬ ಮೂರು ಘ್ರಾಣೇಂದ್ರಿಯಕ್ಕೆ ಸಂಬಂಧಪಟ್ಟವು. ಷಟ್‌ಸ್ಥಲಶಾಸ್ತ್ರದಲ್ಲಿ ಘ್ರಾಣವು ಆಚಾರಲಿಂಗಕ್ಕೆ ಮುಖ. ಗಂಧವು ಅಲ್ಲಿ ಅರ್ಪಿಸತಕ್ಕ ಪದಾರ್ಥ. ಸ್ಥಲವು ಮೊದಲನೆಯದಾದ ಭಕ್ತಸ್ಥಲ. ಹೀಗಿದ್ದರೂ ಕಣ್ಣಿಗೂ ಕಿವಿಗೂ ಕೊಡುವ ಮನ್ನಣೆಯನ್ನು ನಾವು ಮೂಗಿಗೆ ಕೊಡುವುದಿಲ್ಲ. ಹೂವಿನ ಬಣ್ಣವನ್ನು ನೋಡಿ ಮೆಚ್ಚುತ್ತೇವೆ. ಅದರ ಕಂಪು ನಮ್ಮೊಳಗೆ ಏನನ್ನು ಮಾಡಿತೆಂಬುದನ್ನು ಗಮನಿಸುವವರು ವಿರಳ. ಸಸ್ಯಗಳ ಪರಿಮಳವು ಮನಸ್ಸನ್ನು ಹೇಗೆ ಮುಟ್ಟುತ್ತದೆ, ಎಷ್ಟರ ಮಟ್ಟಿಗೆ ಮುಟ್ಟುತ್ತದೆ ಎಂಬುದನ್ನು ವಿಚಾರಿಸುವುದೇ ಈ ಪಾಠದ ಉದ್ದೇಶ.

ಈ ವಿಚಾರಕ್ಕೆ ನನ್ನನ್ನು ತೊಡಗಿಸಿದುದು ಒಂದು ನಷ್ಟ. 2021ರಲ್ಲಿ ಕೋವಿಡ್ ಜ್ವರವು ಬಂದು ಹೋದ ಮೇಲೆ ನನಗೆ ಯಾವ ವಾಸನೆಯೂ ತಿಳಿಯದಾಯಿತು. ತೇಯ್ದ ಗಂಧವು ಬರಿಯ ಕೆಸರಿನಂತೆ, ದವನವು ಬರಿಯ ಸೊಪ್ಪಿನಂತೆ ಆಯಿತು. ದೇಹವು ಸ್ವಸ್ಥವಾಗಿದ್ದರೂ ಮನಸ್ಸಿಗೆ ಒಂದು ಮಂಕು ಕವಿದಿತ್ತು. ಮನೆಯಲ್ಲಿದ್ದೂ ಪರಸ್ಥಳದಲ್ಲಿರುವಂತೆ ತೋರುತ್ತಿತ್ತು. ಘ್ರಾಣವನ್ನು ಕಳೆದುಕೊಂಡವರಲ್ಲಿ ಅನೇಕರಿಗೆ ಇಂತಹ ಖಿನ್ನತೆಯುಂಟಾಗುವುದೆಂದು ವೈದ್ಯರಿಂದ ಆಮೇಲೆ ತಿಳಿಯಿತು. ಮೂಗಿಗೂ ಮನಸ್ಸಿಗೂ ಇಷ್ಟು ನಿಕಟವಾದ ನಂಟು ಬಂದುದಾದರೂ ಎಲ್ಲಿಂದ?

ಇದಕ್ಕೆ ಉತ್ತರವು ಶರೀರದ ರಚನೆಯಲ್ಲಿಯೇ ಇದೆ. ಮೂಗಿನ ಒಳಗೆ ಬಹು ಮೇಲಿನ ಎಡೆಯಲ್ಲಿ ಒಂದು ತೆಳುವಾದ ಪೊರೆಯಿರುತ್ತದೆ. ಅದರಲ್ಲಿರುವ ನರಕೋಶಗಳ ತುದಿಗಳು ಉಸಿರಿನ ಗಾಳಿಗೆ ತೆರೆದುಕೊಂಡಿರುತ್ತವೆ. ಗಾಳಿಯಲ್ಲಿ ತೇಲಿ ಬಂದ ಗಂಧದ ಅಣುಗಳನ್ನು ಹಿಡಿಯುವ ಗ್ರಾಹಕಗಳು ಮನುಷ್ಯನಲ್ಲಿ ಸುಮಾರು 400 ಬಗೆಯವಿವೆ. ಈ ಗ್ರಾಹಕಗಳ ಕುಲವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬ ವಿಜ್ಞಾನಿಗಳು 1991ರಲ್ಲಿ ಪ್ರಕಟಪಡಿಸಿದರು. 2004ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಒಂದು ಕಂಪು ಒಂದೇ ಗ್ರಾಹಕವನ್ನಲ್ಲ, ಹಲವನ್ನು ಒಟ್ಟಿಗೆ ಎಚ್ಚರಿಸುತ್ತದೆ. ಕೆಲವೇ ಸ್ವರಗಳಿಂದ ಅನೇಕ ರಾಗಗಳು ಹುಟ್ಟುವಂತೆ, ಈ 400 ಗ್ರಾಹಕಗಳ ಕೂಟದಿಂದ ಅಸಂಖ್ಯ ಗಂಧಗಳ ಅರಿವು ಉಂಟಾಗುತ್ತದೆ.

ಇನ್ನು ಮುಖ್ಯವಾದ ಮಾತು. ಕಣ್ಣು, ಕಿವಿ, ಚರ್ಮಗಳಿಂದ ಬರುವ ಸುದ್ದಿಯು ಮಿದುಳಿನ ನಡುವೆಯಿರುವ ಥ್ಯಾಲಮಸ್ ಎಂಬ ಚಾವಡಿಯನ್ನು ಹಾದು ಮುಂದಕ್ಕೆ ಹೋಗತಕ್ಕದ್ದು. ಗಂಧದ ಸುದ್ದಿಯು ಹಾಗಲ್ಲ. ಅದು ಘ್ರಾಣಕಂದವನ್ನು ಸೇರಿ, ಆ ಚಾವಡಿಯನ್ನು ಕಾಯದೆ, ಭಯ ಪ್ರೀತಿಗಳಿಗೆ ಸಂಬಂಧಿಸಿದ ಅಮಿಗ್ಡಲವೆಂಬ ಭಾಗವನ್ನು ನೇರವಾಗಿ ಮುಟ್ಟುತ್ತದೆ. ನೆನಪನ್ನು ಕಟ್ಟಿಡುವ ಹಿಪೊಕ್ಯಾಂಪಸ್ಸನ್ನು ಸಮೀಪದ ದಾರಿಯಿಂದಲೇ ಸೇರುತ್ತದೆ. ಆದುದರಿಂದಲೇ ಹೆಸರು ನೆನಪಿಗೆ ಬರುವುದಕ್ಕೆ ಮುಂಚೆಯೇ ಕಂಪು ಮನಸ್ಸನ್ನು ಅಲುಗಿಸುತ್ತದೆ. ಸಂಪಿಗೆಯ ವಾಸನೆ ಬಂದೊಡನೆ ತಾಯಿಯ ತುರುಬು ನೆನಪಾಗುವುದು, ಆಮೇಲೆ ‘ಇದು ಸಂಪಿಗೆ’ ಎನ್ನುವುದು ನಮ್ಮಲ್ಲಿ ಅನೇಕರ ಅನುಭವ.

ಹಾಗಾದರೆ ಪರಿಮಳದಲ್ಲಿಯೇ ಶಾಂತಿಯ ಗುಣವಿದೆಯೋ, ಅಥವಾ ಎಲ್ಲವೂ ನೆನಪಿನ ಆಟವೋ? ಎರಡೂ ಉಂಟು. ಲ್ಯಾವೆಂಡರ್ ಎಂಬ ಪರದೇಶದ ಹೂವಿನಲ್ಲಿಯೂ, ನಮ್ಮ ಮಲ್ಲಿಗೆಯಲ್ಲಿಯೂ, ಅಡಿಗೆಮನೆಯ ಕೊತ್ತಂಬರಿ ಬೀಜದಲ್ಲಿಯೂ ಲಿನಲೂಲ್ ಎಂಬ ದ್ರವ್ಯವಿದೆ. ಜಪಾನಿನ ಕಾಗೊಶಿಮಾ ವಿಶ್ವವಿದ್ಯಾಲಯದವರು 2018ರಲ್ಲಿ ಇಲಿಗಳಿಗೆ ಇದನ್ನು ಮೂಸಿಸಿದಾಗ ಅವುಗಳ ಅಂಜಿಕೆ ಕಡಿಮೆಯಾಯಿತು. ಘ್ರಾಣಶಕ್ತಿಯನ್ನು ಕಳೆದ ಇಲಿಗಳಲ್ಲಿ ಆ ಫಲವು ಕಾಣಲಿಲ್ಲ. ಎಂದರೆ ಅಲ್ಲಿ ಕೆಲಸ ಮಾಡಿದುದು ಉಸಿರಿನೊಡನೆ ರಕ್ತಕ್ಕೆ ಸೇರಿದ ದ್ರವ್ಯಮಾತ್ರವಲ್ಲ; ಮೂಗು ಮಿದುಳಿಗೆ ಮುಟ್ಟಿಸಿದ ಸಂದೇಶ. ಆದರೆ ಇಲಿಯಲ್ಲಿ ಕಂಡುದೆಲ್ಲ ಮನುಷ್ಯನಲ್ಲಿಯೂ ಅದೇ ಪ್ರಮಾಣದಲ್ಲಿ ಸಿದ್ಧವೆಂದು ತಿಳಿಯಲಾಗದು.

ಇನ್ನೊಂದು ಪಕ್ಷವನ್ನೂ ನೋಡಬೇಕು. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದೇ ವಾಸನೆಯನ್ನು ಒಮ್ಮೆ ಚೀಸಿನದೆಂದೂ ಮತ್ತೊಮ್ಮೆ ವಾಂತಿಯದೆಂದೂ ಹೇಳಿ ಮೂಸಿಸಿದರು. ಮೊದಲನೆಯ ಹೆಸರನ್ನು ಕೇಳಿದಾಗ ಹಿತವೆಂದವರೇ ಎರಡನೆಯದನ್ನು ಕೇಳಿದಾಗ ಹೇಸಿದರು. ವಾಸನೆ ಬದಲಾಗಲಿಲ್ಲ, ಭಾವ ಬದಲಾಯಿತು. ಒಬ್ಬನಿಗೆ ಮದುವೆಯ ಚಪ್ಪರವನ್ನು ನೆನಪಿಸುವ ಮಲ್ಲಿಗೆಯು ಇನ್ನೊಬ್ಬನಿಗೆ ಸಾವಿನ ಮನೆಯನ್ನು ನೆನಪಿಸಬಹುದು. ನಮ್ಮ ಭಾಷೆಯಲ್ಲಿ ‘ವಾಸನೆ’ ಎಂಬ ಮಾತಿಗೆ ಗಂಧವೆಂದೂ ಹಿಂದಿನ ಸಂಸ್ಕಾರವೆಂದೂ ಎರಡು ಅರ್ಥಗಳಿರುವುದು ಇಲ್ಲಿ ಚಿಂತಿಸತಕ್ಕ ವಿಷಯ. ಹೊರಗಿನ ವಾಸನೆಯು ಒಳಗಿನ ವಾಸನೆಯನ್ನು ಎಬ್ಬಿಸುತ್ತದೆ.

ಕಳೆದ ಘ್ರಾಣವು ಮರಳುವುದೇ? ಮೂಗಿನ ಈ ನರಕೋಶಗಳಿಗೆ ಒಂದು ವಿಶೇಷವುಂಟು: ಅವು ಸತ್ತಂತೆಲ್ಲ ಹೊಸವು ಹುಟ್ಟುತ್ತವೆ. ಇದನ್ನು ಆಧಾರವಾಗಿಟ್ಟುಕೊಂಡು ಜರ್ಮನಿಯ ಡ್ರೆಸ್ಡೆನ್ನಿನ ಥಾಮಸ್ ಹುಮ್ಮೆಲ್ ಮತ್ತು ಅವರ ಸಂಗಡಿಗರು 2009ರಲ್ಲಿ ಒಂದು ಅಭ್ಯಾಸವನ್ನು ಪ್ರಕಟಿಸಿದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಂಬ ನಾಲ್ಕು ಸಸ್ಯಗಂಧಗಳನ್ನು ದಿನಕ್ಕೆ ಎರಡು ಸಲ, 12 ವಾರಗಳ ಕಾಲ ಮೂಸುವುದು; ಇಷ್ಟೇ. ಅಭ್ಯಾಸ ಮಾಡಿದವರಲ್ಲಿ ಕೆಲವರಿಗೆ ಶಕ್ತಿಯು ವೃದ್ಧಿಯಾಯಿತು. ಮಾಡದವರಲ್ಲಿ ಅಂತಹ ವೃದ್ಧಿ ಕಾಣಲಿಲ್ಲ. ವೈದ್ಯರ ಮಾತಿನಂತೆ ನಾನೂ ಬೆಳಗು ಬೈಗು ಕುಳಿತೆನು. ಮೊದಲಿಗೆ ಏನೂ ಇಲ್ಲ. ಮೂರನೆಯ ತಿಂಗಳಲ್ಲಿ ಒಂದು ಮುಂಜಾನೆ ಲವಂಗದ ಸುಳಿವು ದೂರದ ಕೂಗಿನಂತೆ ಬಂದಿತು. ಅಂದು ನಾನು ಅತ್ತೆನೆಂದು ಹೇಳಲು ಸಂಕೋಚವಿಲ್ಲ.

ಗೃಹಸ್ಥರು ಕೆಲವು ಎಚ್ಚರಗಳನ್ನು ಮರೆಯಬಾರದು. ಕರ್ಪೂರವನ್ನು ಮಕ್ಕಳ ಕೈಗೆ ಸಿಗುವಂತೆ ಇಡಬಾರದು. ನುಂಗಿದರೆ ಅದು ವಿಷ, ಸೆಳವು ಬರಬಹುದು. ನೀಲಗಿರಿಯೇ ಮೊದಲಾದ ಎಣ್ಣೆಗಳೂ ಕುಡಿಯತಕ್ಕವಲ್ಲ. ಊದುಬತ್ತಿಯ ಕಂಪು ಹಿತವಾದರೂ ಅದರ ಹೊಗೆ ಹೊಗೆಯೇ. ಉಬ್ಬಸವುಳ್ಳವರಿರುವ ಮನೆಯಲ್ಲಿ ಕಿಟಕಿಗಳನ್ನು ಮುಚ್ಚಿ ಉರಿಸಬಾರದು. ಅಂಥವರಿಗೆ ತೇಯ್ದ ಗಂಧವೂ ಹಸಿಯ ಹೂವೂ ಲೇಸು. ವಾಸನೆ ತಿಳಿಯದವನಿಗೆ ಅಡಿಗೆಯ ಅನಿಲವು ಸೋರಿದರೂ ತಿಳಿಯದು. ಆತನು ವೈದ್ಯರನ್ನು ಕಾಣಬೇಕು. ದೀರ್ಘವಾದ ಮನೋವ್ಯಥೆಗೆ ಪರಿಮಳವೇ ಔಷಧವೆಂದು ನಂಬಿ ಕುಳಿತಿರುವುದೂ ಸಲ್ಲದು.

ಸದ್ಭಕ್ತರೆ, ಕಣ್ಣನ್ನು ಮುಚ್ಚಿಕೊಳ್ಳಬಹುದು; ಉಸಿರನ್ನು ಬಹಳ ಹೊತ್ತು ತಡೆಯಲಾಗದು. ಗಂಧವು ಉಸಿರಿನೊಡನೆ ಕೇಳದೆಯೇ ಒಳಗೆ ಬರುತ್ತದೆ. ಹಾಗೆ ಬಂದುದನ್ನು ಎಚ್ಚರದಿಂದ ಅರಿತು ಅರ್ಪಿಸಿ, ಪ್ರಸಾದವಾಗಿ ಸ್ವೀಕರಿಸುವುದನ್ನೇ ನಮ್ಮ ಹಿರಿಯರು ಅವಧಾನವೆಂದರು. ನಾಳೆ ಪೂಜೆಗೆ ಕುಳಿತಾಗ ಒಂದು ಕ್ಷಣ ಕಣ್ಮುಚ್ಚಿ, ಪತ್ರೆ ಪುಷ್ಪಗಳ ಕಂಪು ನಿಮ್ಮಲ್ಲಿ ಏನನ್ನು ಎಬ್ಬಿಸಿತೆಂಬುದನ್ನು ನೋಡಿರಿ. ಕಳೆದುಕೊಂಡು ಕಲಿತವನ ಬಿನ್ನಹವಿದು.