ಹಳೆಯ ಲಿಂಕನ್‌ಗೆ ಎಷ್ಟು ಕೊಡಬಹುದು?

ಮಿಷಿಗನ್‌ನಲ್ಲಿ ನಾವಿರುವ ಊರಿನ ಹತ್ತಿರ ಒಂದು ಕಾರು ಮಾರಾಟಕ್ಕೆ ಬಂದಿತ್ತು: 1964ರ ಲಿಂಕನ್ ಕಾಂಟಿನೆಂಟಲ್. ನಾಲ್ಕು ಬಾಗಿಲಿನ ಸೆಡಾನ್, ಕಡುನೀಲಿ ಬಣ್ಣ, ಕಾರ್ಖಾನೆಯಲ್ಲಿ ಹಾಕಿದ ಚರ್ಮದ ಸೀಟುಗಳೇ ಇನ್ನೂ ಇದ್ದವು. ಕೇಳಿದ ಬೆಲೆ 25,000 ಡಾಲರ್. ನಮ್ಮ ರೂಪಾಯಿಯಲ್ಲಿ 20 ಲಕ್ಷಕ್ಕೂ ಮೇಲೆ. ಚೌಕಾಸಿಯ ನಂತರ ಅದನ್ನು 23,000ಕ್ಕೆ ಕೊಂಡೆ. ಇದು ಹೂಡಿಕೆ ಆಗಲಾರದು ಎಂಬುದನ್ನು ಲೆಕ್ಕ ಹಾಕಿ ಖಾತ್ರಿ ಮಾಡಿಕೊಂಡ ಮೇಲೆಯೇ ಕೊಂಡೆ. ಹಳೆಯ ಕಾರು, ಹಳೆಯ ಗಡಿಯಾರ, ಕಲಾಕೃತಿಗಳ ಮೇಲೆ ದುಡ್ಡು ಹಾಕಬಹುದೇ ಎಂದು ಓದುಗರು ಆಗಾಗ ಕೇಳುತ್ತಾರೆ. ಅವರಿಗಾಗಿ ಆ ಲೆಕ್ಕವನ್ನು ಇಲ್ಲಿ ಬಿಚ್ಚಿಡುತ್ತಿದ್ದೇನೆ.

ಮೊದಲು ಕಾರಿನ ವಿಚಾರ, ಬೆಲೆ ಹುಟ್ಟುವುದೇ ಅಲ್ಲಿಂದ. 1950ರ ದಶಕದ ಕೊನೆಯಲ್ಲಿ ಲಿಂಕನ್ ಎಷ್ಟು ನಷ್ಟ ಮಾಡುತ್ತಿತ್ತೆಂದರೆ, ಆ ಬ್ರ್ಯಾಂಡನ್ನೇ ಮುಚ್ಚುವ ಮಾತು ಫೋರ್ಡ್ ಕಂಪನಿಯೊಳಗೆ ನಡೆದಿತ್ತು. ಆಗ ಅಲ್ಲಿ ಹಿರಿಯ ಅಧಿಕಾರಿಯಾಗಿದ್ದ ರಾಬರ್ಟ್ ಮೆಕ್‌ನಮಾರ, ಮುಂದಿನ ಥಂಡರ್‌ಬರ್ಡ್‌ಗೆಂದು ವಿನ್ಯಾಸಕಾರ ಎಲ್ವುಡ್ ಎಂಗಲ್ ತಯಾರಿಸಿದ್ದ ಮಾದರಿಯನ್ನು ನೋಡಿ, ಅದನ್ನೇ ಉದ್ದ ಮಾಡಿ ನಾಲ್ಕು ಬಾಗಿಲಿನ ಲಿಂಕನ್ ಮಾಡಿಸಿದರು. ಮುಂದೆ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿ, ಆಮೇಲೆ ವಿಶ್ವಬ್ಯಾಂಕಿನ ಅಧ್ಯಕ್ಷರಾಗಿ ಹೆಸರಾದ ಮೆಕ್‌ನಮಾರ ಇವರೇ. ಹೊಸ ಕಾರು 1961ರ ಮಾಡೆಲ್ ಆಗಿ ಬಂತು. ರೆಕ್ಕೆ, ಕ್ರೋಮುಗಳ ಅಬ್ಬರದ ಕಾಲದಲ್ಲಿ ಅದರ ಪಕ್ಕಗಳು ನೇರ, ಸಪಾಟು. ಹಿಂದಿನ ಬಾಗಿಲುಗಳ ಕೀಲು ಹಿಂಬದಿಗಿರುವುದರಿಂದ ಮುಂದಿನದೂ ಹಿಂದಿನದೂ ತೊಟ್ಟಿಮನೆಯ ಜೋಡಿ ಕದಗಳಂತೆ ಎರಡೂ ಕಡೆಗೆ ತೆರೆದುಕೊಳ್ಳುತ್ತವೆ. ಪ್ರತಿ ಕಾರನ್ನೂ 12 ಮೈಲಿ ಓಡಿಸಿ ನೋಡಿಯೇ ಹೊರಗೆ ಬಿಡುತ್ತಿದ್ದರು; 24 ತಿಂಗಳು ಅಥವಾ 24,000 ಮೈಲಿಯ ವಾರಂಟಿ ಕೊಟ್ಟಿದ್ದರು.

ಈ ಕಾರುಗಳು ತಯಾರಾದದ್ದು ಡೆಟ್ರಾಯಿಟ್ ಹೊರವಲಯದ ವಿಕ್ಸಮ್ ಕಾರ್ಖಾನೆಯಲ್ಲಿ. ಅದು 2007ರಲ್ಲಿ ಮುಚ್ಚಿತು. ಪಕ್ಕದ ನೋವೈ ಊರಿನಲ್ಲಿ ಇಂದು ಕನ್ನಡದ ಮನೆಗಳು ಬಹಳ. ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ನಾವೆಲ್ಲ ಡಿಯರ್‌ಬರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಮ್‌ಗೆ ಕರೆದೊಯ್ಯುತ್ತೇವಲ್ಲ, ಅಲ್ಲಿರುವ ಅಧ್ಯಕ್ಷ ಕೆನಡಿಯವರ ಕಾರೂ ಇದೇ ಸಾಲಿನ 1961ರ ಕಾಂಟಿನೆಂಟಲ್. 1963ರಲ್ಲಿ ಡಲ್ಲಾಸ್‌ನಲ್ಲಿ ಅವರ ಹತ್ಯೆಯಾದದ್ದು ಆ ಕಾರಿನಲ್ಲಿ.

ಇಷ್ಟು ಚರಿತ್ರೆ ಇರುವ ಕಾರು ಒಳ್ಳೆಯ ಹೂಡಿಕೆಯೇ ಇರಬೇಕು ಎನ್ನಿಸುವುದು ಸಹಜ. ಅಂಕಿಗಳನ್ನು ನೋಡೋಣ. 1964ರಲ್ಲಿ ಈ ಸೆಡಾನ್‌ನ ಷೋರೂಮ್ ಬೆಲೆ 6,292 ಡಾಲರ್. ಅಂದಿನಿಂದ 2024ರವರೆಗೆ ಅಮೆರಿಕದಲ್ಲಿ ಬೆಲೆಗಳು ಸುಮಾರು 10 ಪಟ್ಟು ಏರಿವೆ. ಹಣದುಬ್ಬರದ ಜೊತೆ ಹೆಜ್ಜೆ ಹಾಕಿದ್ದರೂ ಇದರ ಬೆಲೆ 63,000 ಡಾಲರ್ ಆಗಬೇಕಿತ್ತು. ನಾನು ಕೊಟ್ಟದ್ದು ಅದರ ಅರ್ಧಕ್ಕಿಂತ ಬಹಳ ಕಡಿಮೆ. ಇನ್ನು ಷೇರುಪೇಟೆ: 1964ರ ಕೊನೆಗೆ 85ರ ಹತ್ತಿರವಿದ್ದ ಎಸ್ ಆಂಡ್ ಪಿ 500 ಸೂಚ್ಯಂಕ 2024ರ ಕೊನೆಗೆ 5,880 ದಾಟಿತ್ತು. ಆ 6,292 ಡಾಲರನ್ನು ಯಾರಾದರೂ ಆ ಸೂಚ್ಯಂಕದಲ್ಲಿ ಇಟ್ಟಿದ್ದರೆ, ಡಿವಿಡೆಂಡ್ ಬಿಟ್ಟೇ 4.3 ಲಕ್ಷ ಡಾಲರ್ ಮೀರುತ್ತಿತ್ತು. ಅರವತ್ತು ವರ್ಷ ಜೋಪಾನ ಮಾಡಿದ ಕಾರಿನ ಗತಿ ಹೀಗಿದ್ದರೆ, ಜೋಪಾನ ಮಾಡದ ಕಾರುಗಳ ಬಗ್ಗೆ ಹೇಳುವುದೇ ಬೇಡ.

"ಅಪರೂಪದ್ದು, ಬೆಲೆ ಏರೇ ಏರುತ್ತೆ" ಎನ್ನುವವರಿಗೆ ಕ್ಯಾಡಿಲ್ಯಾಕ್‌ನ ಒಂದು ನಿಜ ಪ್ರಸಂಗವಿದೆ. 1976ರ ಎಲ್ಡೊರಾಡೊ ಕನ್ವರ್ಟಿಬಲ್ (ಛಾವಣಿ ಮಡಚಬಹುದಾದ ಕಾರು) ಅಮೆರಿಕದ ಕೊನೆಯ ಕನ್ವರ್ಟಿಬಲ್ ಎಂದು ಜನರಲ್ ಮೋಟಾರ್ಸ್ ಪ್ರಚಾರ ಮಾಡಿತು. ಆ ವರ್ಷ 14,000 ಕಾರು ತಯಾರಾದವು. ಕಡೆಯ 200 ಕಾರುಗಳಿಗೆ ಒಂದೇ ಬಗೆಯ ಬಿಳಿ ಬಣ್ಣ. ಜನ ಷೋರೂಮ್ ಬೆಲೆಗಿಂತ ಹೆಚ್ಚು ಸುರಿದು ಕೊಂಡು, ಓಡಿಸದೆ ಗ್ಯಾರೇಜಿನಲ್ಲಿಟ್ಟರು. 1984ರಲ್ಲಿ ಕಂಪನಿ ಮತ್ತೆ ಎಲ್ಡೊರಾಡೊ ಕನ್ವರ್ಟಿಬಲ್ ತಂದಿತು. ಹಳೆಯ ಮಾಲೀಕರು ಕೋರ್ಟಿಗೆ ಹೋದರು, ಗೆಲ್ಲಲಿಲ್ಲ. ಎಲ್ಲರೂ ಎತ್ತಿಟ್ಟುಕೊಂಡ ವಸ್ತು ಅಪರೂಪದ್ದಾಗಿ ಉಳಿಯುವುದಿಲ್ಲ. ಚಿನ್ನದ ಪದರದ ನಾಣ್ಯ, "ಸೀಮಿತ ಆವೃತ್ತಿ"ಯ ಗಡಿಯಾರಗಳನ್ನು ಹೂಡಿಕೆಯೆಂದು ಕೊಳ್ಳುವವರೂ ಇದನ್ನು ನೆನಪಿಡಬೇಕು.

ಹಾಗಾದರೆ ನಾನು 23,000 ಕೊಟ್ಟದ್ದು ಯಾವುದಕ್ಕೆ? ಇನ್ನೊಬ್ಬರು ಮಾಡಿದ ಆರೈಕೆಗೆ. ಮಾರಿದವರು ಯಂತ್ರಗಳ ಅಚ್ಚು ತಯಾರಿಸುವ ಕೆಲಸದಿಂದ ನಿವೃತ್ತರಾದ ಹಿರಿಯರು. ಅವರ ಹತ್ತಿರ ಒಂದು ದಪ್ಪ ಫೈಲ್ ಇತ್ತು: ಬ್ರೇಕ್ ಕೆಲಸ, ರೇಡಿಯೇಟರ್, ಕಾರ್ಬ್ಯುರೇಟರ್, ಪ್ರತಿ ಆಯಿಲ್ ಬದಲಾವಣೆಯ ರಸೀದಿ. ಅದರಲ್ಲಿದ್ದ ಮೊತ್ತವೆಲ್ಲ ಕೂಡಿಸಿದರೆ ಅವರು ಕೇಳಿದ ಬೆಲೆಗಿಂತ ಹೆಚ್ಚಾಗುತ್ತಿತ್ತು. ಹಳೆಯ ಕಾರಿನ ಮಾರುಕಟ್ಟೆಯ ಗುಟ್ಟು ಇದು: ರಿಪೇರಿಗೆ ಹಾಕಿದ ದುಡ್ಡು ಮಾರುವಾಗ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಎಂಟು ಸಾವಿರಕ್ಕೆ ಸಿಗುವ ತುಕ್ಕು ಹಿಡಿದ ಲಿಂಕನ್ ತಂದು ಬಣ್ಣ, ಕ್ರೋಮು, ಸೀಟು ಹೊಸದು ಮಾಡಿಸಿದರೆ 23,000 ಎಲ್ಲೋ ಹಿಂದೆ ಉಳಿದುಹೋಗುತ್ತದೆ. ಕಡಿಮೆ ಬೆಲೆಯ ಕಾರು ಇಲ್ಲಿ ದುಬಾರಿ ಕಾರು.

ಈ ಮಾಡೆಲ್‌ಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಭಾರ ಹೊರುತ್ತದೆ. ಹಾಗಾಗಿ ಅಡಿಭಾಗದ ತುಕ್ಕು ಬರೀ ಚಂದದ ಪ್ರಶ್ನೆಯಲ್ಲ, ಕಾರಿನ ಬೆನ್ನೆಲುಬಿನ ಪ್ರಶ್ನೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಮಿಷಿಗನ್‌ನಲ್ಲಂತೂ ಮೊದಲು ನೋಡಬೇಕಾದದ್ದು ಅದನ್ನೇ. ಹಳೆಯ ಲಿಂಕನ್ ಬಲ್ಲ ಮೆಕ್ಯಾನಿಕ್ ಒಬ್ಬರಿಗೆ 400 ಡಾಲರ್ ಕೊಟ್ಟು ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ ತೋರಿಸಿದೆ. ಗಾಡಿಯ ನಂಬರನ್ನೂ ಓದಿದೆವು: ಮೊದಲ 4 ಎಂದರೆ 1964, ವೈ ಅಕ್ಷರ ವಿಕ್ಸಮ್, 82 ಎಂದರೆ ಸೆಡಾನ್, ಎನ್ ಎಂದರೆ 7 ಲೀಟರಿನ ವಿ8 ಎಂಜಿನ್. ಕಾಗದ, ಕಾರು ಎರಡೂ ಒಂದನ್ನೇ ಹೇಳುತ್ತಿದ್ದವು. ಟೈರಿನ ಪಟ್ಟಿಗಳು ಹೊಸದರಂತಿದ್ದರೂ ಅದರ ಮೇಲಿನ ತಯಾರಿಕೆಯ ವಾರ, ವರ್ಷದ ಅಂಕಿ ಹಳೆಯದಾಗಿತ್ತು. ವೈಪರ್ ಓಡುವುದು ಕರೆಂಟಿನಿಂದಲ್ಲ, ಪವರ್ ಸ್ಟೀರಿಂಗಿನ ಪಂಪಿನ ಎಣ್ಣೆಯ ಒತ್ತಡದಿಂದ. ಆ ಮೋಟರ್ ಸ್ವಲ್ಪ ಸೋರುತ್ತಿತ್ತು. ಬೆಲೆಯಲ್ಲಿ 2,000 ಇಳಿದದ್ದು ಈ ಎರಡು ಕಾರಣಗಳಿಂದ.

ಸೆಡಾನ್ ಆರಿಸಿದ್ದಕ್ಕೂ ಕಾರಣವಿದೆ. ಆ ವರ್ಷದ ಕಾಂಟಿನೆಂಟಲ್‌ಗಳಲ್ಲಿ ಕನ್ವರ್ಟಿಬಲ್ ಹತ್ತರಲ್ಲೊಂದು ಮಾತ್ರ. ಅದರ ಬೆಲೆ ಸಾಮಾನ್ಯವಾಗಿ ಸೆಡಾನ್‌ನ ಎರಡು ಪಟ್ಟು. ಛಾವಣಿ ಮಡಚುವ ಮೋಟರು, ರಿಲೇ, ಹೈಡ್ರಾಲಿಕ್ ಪಂಪುಗಳ ರಿಪೇರಿ ಅದರ ಮೇಲೆ. ಆದರೆ ಎಂಜಿನ್, ಬಾಗಿಲು, ಸವಾರಿಯ ಹಾಯಿ ಎರಡರಲ್ಲೂ ಒಂದೇ.

ಈಗ ವರ್ಷದ ಖರ್ಚು. ವಿಮೆ 300 ಡಾಲರ್. ಮಾಮೂಲಿ ವಿಮೆ ಸವಕಳಿ ಕಳೆದು ಉಳಿದ ಬೆಲೆಯನ್ನಷ್ಟೇ ಕೊಡುತ್ತದೆ. ಹಳೆಯ ಕಾರಿಗೆ ಮೊದಲೇ ಒಪ್ಪಿಕೊಂಡ ಮೊತ್ತದ ವಿಮೆ ಮಾಡಿಸಬೇಕು. ದಿನಾ ಆಫೀಸಿಗೆ ಓಡಿಸಬಾರದೆಂಬ ಷರತ್ತಿನಿಂದ ಅದರ ಕಂತು ಕಡಿಮೆ. ಚಳಿಗಾಲದ ಗ್ಯಾರೇಜ್ ಬಾಡಿಗೆ 600. ರಿಪೇರಿಗೆಂದು 1,500. ಅಲ್ಲಿಗೆ 2,400. ಇದರ ಮೇಲೆ, 23,000 ಡಾಲರ್ ಬೇರೆಡೆ ಇದ್ದಿದ್ದರೆ ಶೇ. 7ರಂತೆ ಬರಬಹುದಾಗಿದ್ದ 1,600. ಒಟ್ಟು ವರ್ಷಕ್ಕೆ 4,000. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡುವ ಎಂಜಿನ್ನಿನ ಪೆಟ್ರೋಲ್ ಇದರಲ್ಲಿ ಸೇರಿಲ್ಲ. ಕೊಳ್ಳುವಾಗ ಕಟ್ಟಿದ ಶೇ. 6ರ ರಾಜ್ಯ ತೆರಿಗೆ 1,380, ತಪಾಸಣೆಯ 400 ಸೇರಿಸಿದರೆ, ಐದು ವರ್ಷದ ನಂತರ ಸಮಸಮ ಆಗಲು ಕಾರು 44,780 ಡಾಲರಿಗೆ ಮಾರಬೇಕು. ಆಗುವ ಮಾತಲ್ಲ. ಇಲ್ಲಿನ ತೆರಿಗೆ ಕಾನೂನಿನಲ್ಲಿ ಸ್ವಂತ ಬಳಕೆಯ ವಸ್ತು ಮಾರಿ ಲಾಭ ಬಂದರೆ ತೆರಿಗೆ ಇದೆ, ನಷ್ಟವಾದರೆ ಅದನ್ನು ಆದಾಯದಿಂದ ಕಳೆಯುವಂತಿಲ್ಲ.

ಈ ಪಟ್ಟಿಯನ್ನು ಮುಂದಿಟ್ಟಾಗ ನಮ್ಮ ಮನೆಯವರು ಕೇಳಿದ್ದು ಒಂದೇ: "ಮಕ್ಕಳ ಕಾಲೇಜಿನ ದುಡ್ಡು, ನಮ್ಮ ನಿವೃತ್ತಿಯ ದುಡ್ಡು ಮುಟ್ಟದೆ ಇದು ಆಗುತ್ತಾ?" ಆಗುತ್ತಿತ್ತು. ಸಂತೋಷದ ಖರ್ಚಿಗೆಂದೇ ತೆಗೆದಿಟ್ಟ ಖಾತೆಯಿಂದ ಸಾಲವಿಲ್ಲದೆ ಕೊಂಡೆವು. ಖರ್ಚೆಂದು ಬರೆದುಕೊಂಡದ್ದರಿಂದ ಬೆಲೆ ಏರಿತೇ ಇಳಿಯಿತೇ ಎಂದು ನೋಡುವ ಗೋಜಿಲ್ಲ. ಆಗಸ್ಟ್‌ನಲ್ಲಿ ವುಡ್‌ವರ್ಡ್ ರಸ್ತೆಯಲ್ಲಿ ಹಳೆಯ ಕಾರುಗಳ ಮೆರವಣಿಗೆ ಸೇರುವಾಗ ಇದನ್ನು ನಿಶ್ಚಿಂತೆಯಿಂದ ಓಡಿಸುತ್ತೇವೆ. ಗ್ಯಾರೇಜಿನಲ್ಲಿ ಮುಚ್ಚಿಟ್ಟ ಎಲ್ಡೊರಾಡೊಗಳ ಮಾಲೀಕರಿಗೆ ಆ ಸುಖವೂ ಸಿಗಲಿಲ್ಲ.

ಇಂಥ ವಸ್ತುವಿನ ಮೇಲೆ ಮನಸ್ಸಾಗಿದ್ದರೆ ಕೊಳ್ಳುವ ಬೆಲೆಗಿಂತ ಮೊದಲು ಸಾಕುವ ಬೆಲೆ ನೋಡಿ. ವರ್ಷಕ್ಕೆ 2,400 ಡಾಲರ್ ಕೈಯಿಂದ ಸಲೀಸಾಗಿ ಬಿಡಬಲ್ಲಿರಾದರೆ ಕೊಳ್ಳಿ. 23,000 ಹೇಗೋ ಹೊಂದಿಸಿ, ಮುಂದಿನ ವರ್ಷದ ರಿಪೇರಿಗೆ ಕೈ ಬಿಗಿಹಿಡಿಯಬೇಕಾದ ಸ್ಥಿತಿಯಿದ್ದರೆ ಬಿಡಿ. ಅರವತ್ತು ವರ್ಷ ಯಾರೋ ಕಾಪಾಡಿದ್ದು ನಿಮ್ಮ ಕೈಯಲ್ಲಿ ನಾಲ್ಕು ಚಳಿಗಾಲಕ್ಕೆ ಹಾಳಾಗುತ್ತದೆ, ಆ ದುಡ್ಡೂ ಅದರ ಜೊತೆಗೇ ಹೋಗುತ್ತದೆ.